ಕ್ರೀಡಾಂಗಣದ ಅಂಚಿನವರೆಗೆ: ಛಾಯಾಗ್ರಾಹಕರಿಗೆ ಪತ್ರಿಕಾ ಪಾಸ್ ದೊರೆಯುವ ಬಗೆ

ಧಾರವಾಡದಿಂದ ಪಶ್ಚಿಮಕ್ಕೆ, ಅಳ್ನಾವರದ ಕಡೆಗೆ ಸಾಗುವ ರೈಲು ಮಾರ್ಗದಲ್ಲಿ ಸಿಗುವ ಊರು ಮುಗದ. ದೊಡ್ಡ ಕೆರೆ, ಭತ್ತದ ಗದ್ದೆಗಳು ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರದಿಂದ ಈ ಊರು ಹೊರಗಿನವರಿಗೆ ಪರಿಚಿತ. ಈ ಭಾಗದ ಹಳ್ಳಿಗಳಲ್ಲಿ ಜಾತ್ರೆಯ ನಿಮಿತ್ತ ಕುಸ್ತಿ ನಡೆದರೆ ಕಣದ ಅಂಚಿಗೆ ಕ್ಯಾಮೆರಾ ಹಿಡಿದು ಬಂದವರನ್ನು ಗುರುತಿನ ಚೀಟಿ ಕೇಳುವ ರೂಢಿಯಿಲ್ಲ. ಜಾತ್ರಾ ಕಮಿಟಿಯ ಹಿರಿಯರಿಗೆ ಒಂದು ಮಾತು ಹೇಳಿ, ಹಲಗೆ ಬಾರಿಸುವವರ ಪಕ್ಕದಲ್ಲಿ ಮೊಣಕಾಲೂರಿ ಕುಳಿತರೆ ಸಾಕು. ಪೈಲ್ವಾನರ ಮೈಯಿಂದ ಸಿಡಿದ ಮಣ್ಣು ಮಸೂರದ ಮೇಲೆ ಬಂದು ಬೀಳುವಷ್ಟು ಹತ್ತಿರದ ಜಾಗ ದೊರೆಯುತ್ತದೆ.

ಅದೇ ಕ್ಯಾಮೆರಾ ಹಿಡಿದು ಅದೇ ವ್ಯಕ್ತಿ ಹುಬ್ಬಳ್ಳಿಯ ರಾಜನಗರದಲ್ಲಿರುವ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನಕ್ಕೆ ಬಂದರೆ ಚಿತ್ರ ಬೇರೆ. ರಣಜಿ ಪಂದ್ಯವನ್ನು ಗ್ಯಾಲರಿಯಲ್ಲಿ ಕುಳಿತು ನೋಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಬೌಂಡರಿ ಗೆರೆಯ ಹೊರಗೆ, ಛಾಯಾಗ್ರಾಹಕರಿಗೆಂದು ಮೀಸಲಿಟ್ಟ ಜಾಗಕ್ಕೆ ಹೋಗಬೇಕಾದರೆ ಮಾತ್ರ ಕೊರಳಲ್ಲಿ ಪಾಸ್ ಇರಬೇಕು. ‘ಯಾವ ಪತ್ರಿಕೆ?’ ಎಂಬ ಪ್ರಶ್ನೆ ಅಲ್ಲಿ ಎದುರಾಗುತ್ತದೆ. ಚಿತ್ರ ತೆಗೆಯುವ ಕೌಶಲ ಎಷ್ಟಿದೆ ಎಂದು ಗೇಟಿನಲ್ಲಿ ನಿಂತವರು ಕೇಳುವುದಿಲ್ಲ. ಈ ವ್ಯಕ್ತಿಗೆ ಹೊಣೆಯಾಗಿ ಯಾರು ನಿಲ್ಲುತ್ತಾರೆ ಎಂಬುದಷ್ಟೇ ಅವರಿಗೆ ಬೇಕಾದ ಉತ್ತರ.

ಕ್ರೀಡಾ ಛಾಯಾಗ್ರಹಣದ ಪತ್ರಿಕಾ ಪಾಸ್ ಎಂಬುದರ ತಿರುಳೇ ಇದು. ಅದು ಪ್ರತಿಭೆಗೆ ಕೊಡುವ ಪ್ರಶಸ್ತಿಯಲ್ಲ, ಪತ್ರಕರ್ತರಿಗೆ ಸಲ್ಲುವ ಗೌರವವೂ ಅಲ್ಲ. ಒಂದು ಸುದ್ದಿಸಂಸ್ಥೆ ತನ್ನ ಪ್ರತಿನಿಧಿಯ ಹೊಣೆ ಹೊರುತ್ತದೆ, ಆ ಹೊಣೆಯನ್ನು ನಂಬಿ ಸಂಘಟಕರು ಅವರಿಗೆ ಒಂದು ಜಾಗ ಕೊಡುತ್ತಾರೆ. ಈ ಸರಪಳಿಯನ್ನು ಅರಿಯದೆ ಗೇಟಿನಲ್ಲಿ ವಾದಕ್ಕಿಳಿದು ಹಿಂದಿರುಗಿದ ಹೊಸಬರು ಅನೇಕ.

ಮೂರು ಬಗೆಯ ಗುರುತು

ಸಾಮಾನ್ಯ ಮಾತಿನಲ್ಲಿ ಎಲ್ಲವನ್ನೂ ‘ಪ್ರೆಸ್ ಕಾರ್ಡ್’ ಎಂದೇ ಕರೆಯುವುದರಿಂದ ಗೊಂದಲ ಉಂಟಾಗುತ್ತದೆ. ವಾಸ್ತವದಲ್ಲಿ ಇವು ಮೂರು ಬೇರೆ ಬೇರೆ ಪತ್ರಗಳು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಮೊದಲನೆಯದು, ಸುದ್ದಿಸಂಸ್ಥೆ ತನ್ನ ಸಿಬ್ಬಂದಿಗೆ ಕೊಡುವ ಗುರುತಿನ ಚೀಟಿ. ಪತ್ರಿಕೆ, ವಾಹಿನಿ, ಸುದ್ದಿ ಏಜೆನ್ಸಿ ಅಥವಾ ಅಂತರ್ಜಾಲ ಸುದ್ದಿತಾಣ ಯಾವುದೇ ಇರಲಿ, ‘ಈ ವ್ಯಕ್ತಿ ನಮ್ಮವರು’ ಎಂದು ಅದು ಹೇಳುತ್ತದೆ. ಭಾರತದಲ್ಲಿ ಪತ್ರಿಕೆ ಆರಂಭಿಸಲು ಪರವಾನಗಿ ಬೇಕಿಲ್ಲ, ನೋಂದಣಿ ಬೇಕು. 1867ರ ಹಳೆಯ ಕಾಯ್ದೆಯ ಸ್ಥಾನದಲ್ಲಿ 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಆ ಕಾಯ್ದೆಯಡಿ ನೋಂದಣಿಯಾಗುವುದು ಪತ್ರಿಕೆ, ಅದರ ಛಾಯಾಗ್ರಾಹಕರಲ್ಲ. ಪತ್ರಿಕೆಯ ನೋಂದಣಿ ಸಂಖ್ಯೆಯನ್ನು ಕಾರ್ಡಿನ ಮೇಲೆ ಅಚ್ಚು ಹಾಕಿಸಿದ ಮಾತ್ರಕ್ಕೆ ಕಾರ್ಡಿಗೆ ಸರ್ಕಾರದ ಮುದ್ರೆ ಬಿದ್ದಂತಾಗುವುದಿಲ್ಲ.

ಎರಡನೆಯದು, ಸರ್ಕಾರ ನೀಡುವ ಮಾಧ್ಯಮ ಮಾನ್ಯತೆ. ಕರ್ನಾಟಕದಲ್ಲಿ ಇದನ್ನು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ನಿರ್ವಹಿಸುತ್ತದೆ. ಕೇಂದ್ರ ಮಟ್ಟದಲ್ಲಿ ಪಿಐಬಿ ಎಂದೇ ಪರಿಚಿತವಾದ ಪತ್ರಿಕಾ ವಾರ್ತಾ ಕಚೇರಿ ನೀಡುತ್ತದೆ. ಕೇಂದ್ರದ 2022ರ ಮಾರ್ಗಸೂಚಿಯು ಸುದ್ದಿಸಂಸ್ಥೆಯ ಪೂರ್ಣಾವಧಿ ಪತ್ರಕರ್ತರಿಗೆ ಮತ್ತು ಕ್ಯಾಮೆರಾ ಸಿಬ್ಬಂದಿಗೆ ಕನಿಷ್ಠ 5 ವರ್ಷಗಳ, ಸ್ವತಂತ್ರವಾಗಿ ದುಡಿಯುವವರಿಗೆ ಕನಿಷ್ಠ 15 ವರ್ಷಗಳ ಅನುಭವವನ್ನು ವಿಧಿಸಿತು. ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ ವಾಸಿಸುವವರಿಗೆಂದು ರೂಪಿಸಿದ ವ್ಯವಸ್ಥೆ ಅದು. ಈ ಮಾನ್ಯತೆಯ ಉದ್ದೇಶ ಸರ್ಕಾರದ ಸುದ್ದಿಮೂಲಗಳಿಗೆ ಪ್ರವೇಶ ಕಲ್ಪಿಸುವುದು. ಅದು ಸಚಿವಾಲಯದ ಬಾಗಿಲು ತೆರೆದೀತು, ಕ್ರೀಡಾಂಗಣದ ಬಾಗಿಲನ್ನಲ್ಲ.

ಮೂರನೆಯದು, ಪಂದ್ಯದ ಸಂಘಟಕರು ಆ ಪಂದ್ಯಕ್ಕೆ ಅಥವಾ ಆ ಸರಣಿಗೆ ಮಾತ್ರ ನೀಡುವ ಪಾಸ್. ಛಾಯಾಗ್ರಾಹಕರಿಗೆ ನಿಜವಾಗಿ ಬೇಕಾದದ್ದು ಇದೇ. ಉಳಿದ ಎರಡು ಪತ್ರಗಳು ಇದನ್ನು ಪಡೆಯಲು ನೆರವಾಗುವ ದಾಖಲೆಗಳು ಮಾತ್ರ. ಪತ್ರಕರ್ತರ ಸಂಘದ ಸದಸ್ಯತ್ವ, ಅಂತರರಾಷ್ಟ್ರೀಯ ಕ್ರೀಡಾ ಪತ್ರಕರ್ತರ ಒಕ್ಕೂಟದ ಕಾರ್ಡ್ ಮುಂತಾದವುಗಳಿಗೂ ಇದೇ ಮಾತು ಅನ್ವಯಿಸುತ್ತದೆ. 1924ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾದ ಆ ಒಕ್ಕೂಟದ ಕಾರ್ಡ್ ವೃತ್ತಿಯ ಗುರುತಾಗಿ ಬೆಲೆಯುಳ್ಳದ್ದು. ಆದರೂ ಅದನ್ನು ತೋರಿಸಿ ನೇರವಾಗಿ ಮೈದಾನಕ್ಕಿಳಿಯಲು ಬರುವುದಿಲ್ಲ. ಇನ್ನು ಬೈಕಿನ ಮುಂಭಾಗದಲ್ಲಿ ‘ಪ್ರೆಸ್’ ಎಂದು ಬರೆಸಿಕೊಂಡದ್ದು ಯಾವ ಗೇಟಿನಲ್ಲೂ ಲೆಕ್ಕಕ್ಕಿಲ್ಲ.

ಯಾವ ಆಟಕ್ಕೆ ಯಾರ ಬಾಗಿಲು

ಪಾಸ್ ಕೊಡುವವರು ಸಂಘಟಕರಾದ್ದರಿಂದ, ಅರ್ಜಿ ಬರೆಯುವ ಮೊದಲು ‘ಈ ಕ್ರೀಡಾಕೂಟವನ್ನು ನಡೆಸುತ್ತಿರುವವರು ಯಾರು?’ ಎಂಬುದನ್ನು ತಿಳಿಯಬೇಕು. ಮೈದಾನದ ಒಡೆತನ ಒಬ್ಬರದು, ಪಂದ್ಯದ ಸಂಘಟನೆ ಇನ್ನೊಬ್ಬರದು, ಭದ್ರತೆಯ ಹೊಣೆ ಮತ್ತೊಬ್ಬರದು ಆಗಿರುವುದು ಸಾಮಾನ್ಯ. ಮೈದಾನದ ಕಾವಲುಗಾರರನ್ನು ಕೇಳಿ ಪ್ರಯೋಜನವಿಲ್ಲ.

ಹಳ್ಳಿಯ ಕುಸ್ತಿ, ಕಬಡ್ಡಿ, ವಾಲಿಬಾಲ್ ಪಂದ್ಯಗಳಲ್ಲಿ ಜಾತ್ರಾ ಕಮಿಟಿ ಅಥವಾ ಯುವಕ ಮಂಡಳದ ಮುಖ್ಯಸ್ಥರ ಒಪ್ಪಿಗೆಯೇ ಪಾಸ್. ಶಾಲಾ ಕ್ರೀಡಾಕೂಟಗಳಿಗೆ ಶಿಕ್ಷಣ ಇಲಾಖೆಯ ದೈಹಿಕ ಶಿಕ್ಷಣ ಅಧಿಕಾರಿಗಳನ್ನು, ಸರ್ಕಾರಿ ಕ್ರೀಡಾಕೂಟಗಳಿಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯನ್ನು ಸಂಪರ್ಕಿಸಬೇಕು. ದಸರಾ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಮೆಟ್ಟಿಲೇರಿ ಮೈಸೂರು ತಲುಪುತ್ತದೆ. ತಾಲ್ಲೂಕು ಮಟ್ಟದಲ್ಲಿ ಒಂದು ಮಾತಿನಿಂದ ಆಗುವ ಕೆಲಸಕ್ಕೆ ಮೈಸೂರಿನಲ್ಲಿ ಮುಂಚಿತ ಅರ್ಜಿ ಬೇಕಾಗುತ್ತದೆ. ಕ್ರೀಡಾಪಟುವಿನ ಏಣಿ ಮತ್ತು ಕ್ರೀಡಾ ಛಾಯಾಗ್ರಾಹಕರ ಏಣಿ ಎರಡೂ ಒಂದೇ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಅವಳಿ ನಗರದಲ್ಲಿ ನಡುವಿನ ಮೆಟ್ಟಿಲುಗಳಿಗೆ ಕೊರತೆಯಿಲ್ಲ. ಧಾರವಾಡದಲ್ಲಿ 2020ರ ಫೆಬ್ರವರಿಯಲ್ಲಿ ಕರ್ನಾಟಕ ಕುಸ್ತಿ ಹಬ್ಬ ನಡೆಯಿತು. 2023ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ಪುರುಷರ ಟೂರ್ನಿಗೆ ಧಾರವಾಡ ಜಿಲ್ಲಾ ಲಾನ್ ಟೆನಿಸ್ ಸಂಸ್ಥೆಯ ಅಂಗಣ ಆತಿಥ್ಯ ವಹಿಸಿತು. ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ 2024ರ ಜನವರಿಯಲ್ಲಿ ಪಂಜಾಬ್ ವಿರುದ್ಧದ ರಣಜಿ ಪಂದ್ಯದಲ್ಲಿ ದೇವದತ್ತ ಪಡಿಕ್ಕಲ್ 193 ರನ್ ಗಳಿಸಿದರು. ಇಂತಹ ಪಂದ್ಯಗಳಲ್ಲಿ ಸ್ಥಳೀಯ ಮಾಧ್ಯಮದ ವ್ಯವಸ್ಥೆಯನ್ನು ಸಾಮಾನ್ಯವಾಗಿ ಆತಿಥೇಯ ಸಂಸ್ಥೆಯೇ ನೋಡಿಕೊಳ್ಳುವುದರಿಂದ, ಜಿಲ್ಲೆಯ ಛಾಯಾಗ್ರಾಹಕರಿಗೆ ದೊಡ್ಡ ಆಟಗಾರರನ್ನು ಹತ್ತಿರದಿಂದ ಸೆರೆಹಿಡಿಯಲು ಇದಕ್ಕಿಂತ ಸುಲಭದ ಅವಕಾಶ ಮತ್ತೊಂದಿಲ್ಲ.

ಅಂತರರಾಷ್ಟ್ರೀಯ ಕ್ರಿಕೆಟ್ ಮತ್ತು ಐಪಿಎಲ್ ಪಂದ್ಯಗಳಲ್ಲಿ ಅಧಿಕಾರ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯದು. ಸಂಸ್ಥೆಯ ಹೆಸರಿನಲ್ಲಿ, ನಿಗದಿತ ಗಡುವಿನೊಳಗೆ ಅರ್ಜಿ ಹೋಗಬೇಕು. ಒಲಿಂಪಿಕ್ ಕ್ರೀಡಾಕೂಟದ ವ್ಯವಸ್ಥೆ ಇನ್ನೂ ಬಿಗಿಯಾದುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಪ್ರತಿ ದೇಶಕ್ಕೂ ಇಷ್ಟು ಎಂದು ಸಂಖ್ಯೆ ಗೊತ್ತುಮಾಡುತ್ತದೆ. ಅದನ್ನು ಆಯಾ ದೇಶದ ಒಲಿಂಪಿಕ್ ಸಂಸ್ಥೆ ಸುದ್ದಿಸಂಸ್ಥೆಗಳಿಗೆ ಹಂಚುತ್ತದೆ. ಬರೆಯುವವರಿಗೆ ‘ಇ’, ಛಾಯಾಗ್ರಾಹಕರಿಗೆ ‘ಇಪಿ’ ಎಂಬ ವರ್ಗಗಳಿವೆ. ಒಂದೇ ಕ್ರೀಡೆಗೆ ಸೀಮಿತವಾದ ಉಪವರ್ಗಗಳೂ ಉಂಟು. ಕೂಟ ಆರಂಭವಾಗುವುದಕ್ಕೆ ಒಂದು ವರ್ಷಕ್ಕೂ ಮೊದಲೇ ಈ ಹಂಚಿಕೆಯ ಕೆಲಸ ಶುರುವಾಗುತ್ತದೆ. ತಿಂಗಳ ಮುಂಚೆ ಎಚ್ಚರಗೊಂಡವರಿಗೆ ಅಲ್ಲಿ ಜಾಗವಿಲ್ಲ.

ಕ್ರೀಡೆಯ ಜೊತೆಗೆ ಗಣ್ಯರ ಆಗಮನವೂ ಇದ್ದರೆ ಲೆಕ್ಕಾಚಾರ ಬದಲಾಗುತ್ತದೆ. 2023ರ ಜನವರಿ 12ರಂದು ಹುಬ್ಬಳ್ಳಿಯ ರೈಲ್ವೆ ಕ್ರೀಡಾ ಮೈದಾನದಲ್ಲಿ ರಾಷ್ಟ್ರೀಯ ಯುವಜನೋತ್ಸವವನ್ನು ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಇಂತಹ ಸಮಾರಂಭಗಳಲ್ಲಿ ಸಂಘಟಕರ ಒಪ್ಪಿಗೆಯೊಂದೇ ಸಾಲದು. ಹೆಸರುಗಳು ವಾರ್ತಾ ಇಲಾಖೆಯ ಮೂಲಕ ಪೊಲೀಸರಿಗೆ ಹೋಗಿ, ಪೂರ್ವಾಪರ ಪರಿಶೀಲನೆಯಾದ ಮೇಲೆ ಪಾಸ್ ಸಿದ್ಧವಾಗುತ್ತದೆ. ಜಿಲ್ಲಾ ವಾರ್ತಾ ಕಚೇರಿಯಲ್ಲಿ ಮೊದಲೇ ಪರಿಚಯವಿರುವವರಿಗೆ ಈ ದಾರಿ ಸುಗಮ.

ಅರ್ಜಿಯಲ್ಲಿ ಏನಿರಬೇಕು

ಅರ್ಜಿಯ ಜೀವಾಳ ನೇಮಕ ಪತ್ರ. ಸಂಪಾದಕರು ಅಥವಾ ಛಾಯಾಚಿತ್ರ ವಿಭಾಗದ ಮುಖ್ಯಸ್ಥರು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಸಹಿ ಮತ್ತು ಮುದ್ರೆಯೊಂದಿಗೆ ಇದನ್ನು ಕೊಡಬೇಕು. ಪತ್ರ ಒಂದು ಪುಟ ಮೀರಬೇಕಿಲ್ಲ. ಯಾವ ಪಂದ್ಯ, ಯಾವ ದಿನಾಂಕ, ಕಳುಹಿಸುತ್ತಿರುವವರ ಹೆಸರು, ಅವರು ಬರೆಯುವವರೋ ಛಾಯಾಗ್ರಾಹಕರೋ, ಚಿತ್ರಗಳು ಎಲ್ಲಿ ಪ್ರಕಟವಾಗಲಿವೆ, ತುರ್ತು ಸಂದರ್ಭದಲ್ಲಿ ಸಂಸ್ಥೆಯಲ್ಲಿ ಯಾರನ್ನು ಸಂಪರ್ಕಿಸಬೇಕು ಎಂಬ ವಿವರಗಳು ಸ್ಪಷ್ಟವಾಗಿದ್ದರೆ ಸಾಕು. ‘ನಮ್ಮ ಪ್ರತಿನಿಧಿಗೆ ಎಲ್ಲ ಸಹಕಾರ ನೀಡಬೇಕು’ ಎಂಬ ದಿನಾಂಕವಿಲ್ಲದ ಸಾಮಾನ್ಯ ಪತ್ರವನ್ನು ವರ್ಷವಿಡೀ ಎಲ್ಲ ಕಡೆ ತೋರಿಸುವ ಅಭ್ಯಾಸ ಕೆಲವರಲ್ಲಿದೆ. ಸಂಘಟಕರಿಗೆ ಅದರಿಂದ ತಿಳಿಯುವುದು ಕಡಿಮೆ, ಆದ್ದರಿಂದ ಅದಕ್ಕೆ ಸಿಗುವ ಬೆಲೆಯೂ ಕಡಿಮೆ.

ಪತ್ರದ ಜೊತೆ ಸಂಸ್ಥೆಯ ಗುರುತಿನ ಚೀಟಿಯ ಪ್ರತಿ, ಸರ್ಕಾರಿ ಗುರುತಿನ ದಾಖಲೆ, ಇತ್ತೀಚಿನ ಭಾವಚಿತ್ರ ಮತ್ತು ಈಗಾಗಲೇ ಪ್ರಕಟವಾದ ನಾಲ್ಕೈದು ಕ್ರೀಡಾ ಚಿತ್ರಗಳ ಪ್ರತಿ ಅಥವಾ ಕೊಂಡಿ ಇರಬೇಕು. ಚಿತ್ರದ ಕೆಳಗೆ ತೆಗೆದವರ ಹೆಸರು ಅಚ್ಚಾಗಿದ್ದರೆ ಅದು ನೂರು ಮಾತಿಗೆ ಸಮ. ಅರ್ಜಿಯಲ್ಲಿ ಕೊಟ್ಟ ಹೆಸರಿನ ಕಾಗುಣಿತ ಮತ್ತು ಗುರುತಿನ ದಾಖಲೆಯ ಕಾಗುಣಿತ ಬೇರೆಯಾಗಿದ್ದು ಪಾಸ್ ತಡೆಹಿಡಿಯಲ್ಪಡುವುದು ಉತ್ತರ ಕರ್ನಾಟಕದಲ್ಲಿ ಹೊಸ ಸಂಗತಿಯೇನಲ್ಲ. ತಂದೆಯ ಹೆಸರು, ಊರಿನ ಹೆಸರು, ಅಡ್ಡಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಕ್ರಮದಲ್ಲಿರುವವರು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು.

ಜಿಲ್ಲಾ ಮಟ್ಟದ ಪಂದ್ಯಕ್ಕೆ ವಾರದ ಮೊದಲು, ರಾಜ್ಯ ಮಟ್ಟದ್ದಕ್ಕೆ ಎರಡು ಮೂರು ವಾರ ಮೊದಲು ಅರ್ಜಿ ತಲುಪಿದ್ದರೆ ಒಳಿತು. ಅರ್ಜಿ ತಿರಸ್ಕೃತವಾದರೆ ಸಂಪಾದಕರ ಮೂಲಕ ಕಾರಣ ಕೇಳುವುದು ಸೂಕ್ತ. ಹಲವು ವೇಳೆ ಕಾರಣ ಸರಳವಾದದ್ದು: ಒಂದು ಸಂಸ್ಥೆಗೆ ಒಬ್ಬರೇ ಛಾಯಾಗ್ರಾಹಕರು ಎಂಬ ಮಿತಿ ಅಥವಾ ಜಾಗದ ಕೊರತೆ. ಗೇಟಿನ ಮುಂದಿನ ವಾಗ್ವಾದದಿಂದ ಆ ದಿನ ಪಾಸ್ ಸಿಕ್ಕೀತು. ಮುಂದಿನ ಸಲ ಅರ್ಜಿ ಮೇಜಿನ ಮೇಲೆ ಕೆಳಗೇ ಉಳಿದೀತು.

ಸಂಸ್ಥೆಯಿಲ್ಲದವರ ಪಾಡು

ಈ ವ್ಯವಸ್ಥೆಯ ನಿಜವಾದ ಬಿಕ್ಕಟ್ಟು ಇಲ್ಲಿದೆ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯ ವ್ಯಾಖ್ಯಾನದಲ್ಲಿ ಸುದ್ದಿ ಛಾಯಾಗ್ರಾಹಕರ ಹೆಸರು ವರದಿಗಾರರ ಜೊತೆಜೊತೆಗೇ ಇತ್ತು. ಆದರೆ ಕಾಯ್ದೆಯ ಕಣ್ಣಿಗೆ ಬಿದ್ದದ್ದು ಪತ್ರಿಕೆಯ ನೌಕರಿಯಲ್ಲಿದ್ದವರು ಮತ್ತು ಅದನ್ನೇ ಮುಖ್ಯ ವೃತ್ತಿಯಾಗಿಸಿಕೊಂಡವರು. ಹೋಬಳಿ, ಹಳ್ಳಿಗಳಲ್ಲಿ ಚಿತ್ರ ತೆಗೆದು ಪತ್ರಿಕೆಗಳಿಗೆ ಕಳುಹಿಸುವವರಲ್ಲಿ ಅನೇಕರ ಜೀವನ ನಡೆಯುವುದು ಮದುವೆ, ಸೀಮಂತ, ಗೃಹಪ್ರವೇಶಗಳ ಛಾಯಾಗ್ರಹಣದಿಂದ. ಪತ್ರಿಕೆಯಿಂದ ಅವರಿಗೆ ಬರುವುದು ಚಿತ್ರಕ್ಕಿಷ್ಟು ಎಂಬ ಸಣ್ಣ ಸಂಭಾವನೆ; ಕೆಲವೊಮ್ಮೆ ಚಿತ್ರದ ಕೆಳಗಿನ ಹೆಸರು ಮಾತ್ರ. ನೇಮಕಾತಿ ಆದೇಶ ಅವರ ಬಳಿ ಇರುವುದಿಲ್ಲ. ಪಾಸ್ ಇಲ್ಲದೆ ದೊಡ್ಡ ಪಂದ್ಯದ ಚಿತ್ರ ತೆಗೆಯಲಾಗದು, ದೊಡ್ಡ ಪಂದ್ಯದ ಚಿತ್ರಗಳಿಲ್ಲದೆ ಪಾಸ್ ಕೊಡಿಸುವ ಸಂಸ್ಥೆ ಸಿಗದು.

ಈ ಸುಳಿಯಿಂದ ಹೊರಬರುವ ದಾರಿ ಪಾಸ್ ಬೇಕಿಲ್ಲದ ಮೈದಾನಗಳಿಂದಲೇ ಆರಂಭವಾಗುತ್ತದೆ. ಮುಗದದ ಯುವ ಛಾಯಾಗ್ರಾಹಕರೊಬ್ಬರು ಒಂದು ವರ್ಷದ ಅವಧಿಯಲ್ಲಿ ಸುತ್ತಲಿನ ಜಾತ್ರೆಗಳ ಕುಸ್ತಿ, ತಾಲ್ಲೂಕು ಮಟ್ಟದ ಕೊಕ್ಕೊ ಮತ್ತು ಕಬಡ್ಡಿ, ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣದ ಅಥ್ಲೆಟಿಕ್ಸ್ ಕೂಟ, ಕಾಲೇಜು ಮೈದಾನದ ಕ್ರಿಕೆಟ್ ಇವುಗಳನ್ನು ಬಿಡದೆ ಚಿತ್ರೀಕರಿಸಿದರೆಂದು ಭಾವಿಸೋಣ. ಅವರ ಬಳಿ ಮೂವತ್ತು ಉತ್ತಮ ಚಿತ್ರಗಳ ಸಂಗ್ರಹ ಸಿದ್ಧವಾಗುತ್ತದೆ. ಹೆಸರು, ಊರು, ದಿನಾಂಕ, ಫಲಿತಾಂಶ ಸಹಿತವಾದ ಸರಿಯಾದ ಅಡಿಬರಹವೂ ಜೊತೆಗಿದ್ದರೆ ಜಿಲ್ಲಾ ಆವೃತ್ತಿಯ ಸುದ್ದಿ ವಿಭಾಗ ಅದನ್ನು ಸುಲಭವಾಗಿ ತಳ್ಳಿಹಾಕಲಾರದು. ವರದಿಗಾರರು ತಲುಪಲಾಗದ ಊರಿನಿಂದ ರಾತ್ರಿ ಎಂಟರೊಳಗೆ ಬಳಸಲು ಯೋಗ್ಯವಾದ ಚಿತ್ರ ಬಂದರೆ ಪತ್ರಿಕೆಗೂ ಅದು ಬೇಕಾದದ್ದೇ. ಹೀಗೆ ಐದಾರು ಚಿತ್ರಗಳು ಪ್ರಕಟವಾದ ಮೇಲೆ ನಿರ್ದಿಷ್ಟ ಪಂದ್ಯವೊಂದಕ್ಕೆ ಮಾತ್ರ ಸೀಮಿತವಾದ ನೇಮಕ ಪತ್ರವನ್ನು ಕೇಳುವ ಅರ್ಹತೆ ಬರುತ್ತದೆ. ಕಾಯಂ ನೌಕರಿ ಕೊಡಲಾಗದ ಸಂಪಾದಕರು ಕೂಡ ಒಂದು ದಿನದ ಹೊಣೆ ಹೊರಲು ಹಿಂಜರಿಯುವುದು ಕಡಿಮೆ.

ಇನ್ನೊಂದು ದಾರಿಯೂ ಉಂಟು. ಜಿಲ್ಲಾ ಕ್ರೀಡಾ ಸಂಸ್ಥೆಗಳು ತಮ್ಮ ದಾಖಲೆಗಾಗಿ, ಸ್ಮರಣ ಸಂಚಿಕೆಗಾಗಿ ಛಾಯಾಗ್ರಾಹಕರನ್ನು ಗೊತ್ತುಮಾಡುತ್ತವೆ. ಸಂಘಟಕರ ಛಾಯಾಗ್ರಾಹಕರಾಗಿ ಒಳಗೆ ಹೋಗುವುದರಿಂದ ಅನುಭವ ದೊರೆಯುತ್ತದೆ. ಆದರೆ ಆಗ ಅವರು ಪತ್ರಿಕೆಯ ಪ್ರತಿನಿಧಿಯಲ್ಲ ಎಂಬ ಅರಿವಿರಬೇಕು. ಪಂದ್ಯದಲ್ಲಿ ಗಲಾಟೆಯಾದರೆ, ಪಂದ್ಯ ನಡೆಸಿದ ರೀತಿಯಲ್ಲೇ ಲೋಪವಿದ್ದರೆ, ಆ ಚಿತ್ರವನ್ನು ಪ್ರಕಟಣೆಗೆ ಕೊಡುವ ಸ್ವಾತಂತ್ರ್ಯ ಅವರಿಗೆ ಇಲ್ಲದಿರಬಹುದು.

ಹಣ ಕೊಟ್ಟರೆ ‘ಪ್ರೆಸ್ ಕಾರ್ಡ್’ ಮಾಡಿಕೊಡುವವರ ಬಲೆಗೆ ಮಾತ್ರ ಬೀಳಬಾರದು. ಪ್ರಕಟಣೆಯೇ ಇಲ್ಲದ ಪತ್ರಿಕೆಯ ಕಾರ್ಡ್ ಯಾವ ಸಂಘಟಕರನ್ನೂ ಒಪ್ಪಿಸಲಾರದು. ಪೊಲೀಸ್ ಪರಿಶೀಲನೆಯ ವೇಳೆ ಅದೇ ಕುತ್ತಾಗಬಹುದು.

ಗೆರೆಯ ಆಚೆಗಿನ ಶಿಸ್ತು

ಪಾಸ್ ಪಡೆದವರಿಗೆ ಸಾಮಾನ್ಯವಾಗಿ ಸಂಖ್ಯೆಯುಳ್ಳ ಒಂದು ಮೇಲಂಗಿಯನ್ನು ಕೊಡಲಾಗುತ್ತದೆ. ಅದನ್ನು ಪಂದ್ಯದುದ್ದಕ್ಕೂ ಧರಿಸಿ, ಹೊರಡುವಾಗ ಹಿಂದಿರುಗಿಸಬೇಕು. ಇನ್ನೊಬ್ಬರಿಗೆ ಕೊಡುವಂತಿಲ್ಲ. ಊಟದ ವಿರಾಮದಲ್ಲಿ ಗೆಳೆಯರಿಗೆ ಮೇಲಂಗಿ ತೊಡಿಸಿ ಒಳಗೆ ಕಳುಹಿಸಿದರೆ ಇಬ್ಬರ ಜೊತೆಗೆ ಪತ್ರಿಕೆಯ ಹೆಸರೂ ಕೆಡುತ್ತದೆ.

ಕ್ರಿಕೆಟ್‌ನಲ್ಲಿ ಬೌಂಡರಿಯಾಚೆಯ ಜಾಹೀರಾತು ಫಲಕಗಳ ಹಿಂದೆ ಕುಳಿತುಕೊಳ್ಳಬೇಕು. ಬೌಲರ್ ಓಡಿಬರುವಾಗ ಸೈಟ್‌ಸ್ಕ್ರೀನ್ ಬಳಿ ಅಲುಗಾಡಿದರೆ ಬ್ಯಾಟ್ಸ್‌ಮನ್ನರ ಗಮನ ತಪ್ಪಿ ಪಂದ್ಯವೇ ನಿಲ್ಲುತ್ತದೆ. ಟೆನಿಸ್‌ನಲ್ಲಿ ಆಟ ನಡೆಯುವಾಗ ಜಾಗ ಬದಲಿಸುವಂತಿಲ್ಲ. ಆಟಗಾರರು ಬದಿ ಬದಲಿಸುವವರೆಗೆ ಕಾಯಬೇಕು. ಬ್ಯಾಡ್ಮಿಂಟನ್, ಶೂಟಿಂಗ್, ಜಿಮ್ನಾಸ್ಟಿಕ್ಸ್ ಮುಂತಾದ ಕ್ರೀಡೆಗಳಲ್ಲಿ ಫ್ಲ್ಯಾಶ್ ಬಳಸಬಾರದು. ಓಟದ ಅಂತಿಮ ಗೆರೆಯ ಬಳಿ ನಿಲ್ಲುವವರು ಸಮಯ ದಾಖಲಿಸುವ ಉಪಕರಣಗಳಿಗೆ ಅಡ್ಡ ಬರಬಾರದು. ಡ್ರೋನ್ ಹಾರಿಸಲು ಪತ್ರಿಕಾ ಪಾಸ್ ಅನುಮತಿಯಾಗುವುದಿಲ್ಲ. ಅದಕ್ಕೆ 2021ರ ಡ್ರೋನ್ ನಿಯಮಗಳು ಪ್ರತ್ಯೇಕವಾಗಿ ಅನ್ವಯಿಸುತ್ತವೆ.

ಕುಸ್ತಿಯ ಕಣಕ್ಕೆ ಬರೆದಿಟ್ಟ ನಿಯಮವಿಲ್ಲದಿದ್ದರೂ ಬಲ್ಲವರು ಪಾಲಿಸುವ ಶಿಸ್ತಿದೆ. ಪೂಜೆಯಾದ ಕಣದೊಳಗೆ ಚಪ್ಪಲಿ ಹಾಕಿಕೊಂಡು ಇಳಿಯಬಾರದು. ನಿರ್ಣಾಯಕರು ಮತ್ತು ಜೋಡಿಯ ನಡುವೆ ನಿಲ್ಲಬಾರದು. ಬೆನ್ನು ನೆಲಕ್ಕೆ ತಾಗಿದ ಕ್ಷಣದ ಚಿತ್ರ ತನ್ನ ಬಳಿ ಇದೆ ಎಂದು ತೀರ್ಪಿನ ಗದ್ದಲದಲ್ಲಿ ಕ್ಯಾಮೆರಾ ಎತ್ತಿ ತೋರಿಸಲು ಮುಂದಾಗಬಾರದು. ತೀರ್ಪು ಹಿರಿಯರಿಗೆ ಬಿಟ್ಟದ್ದು. ಇಲ್ಲಿ ಕಲಿತ ಶಿಸ್ತು ದೊಡ್ಡ ಮೈದಾನದಲ್ಲೂ ಕೈಹಿಡಿಯುತ್ತದೆ. ಶಾಲಾ ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ ಆಟಗಳನ್ನು ಚಿತ್ರೀಕರಿಸುವಾಗ ಶಿಕ್ಷಕರ ಒಪ್ಪಿಗೆ ಪಡೆಯುವುದು, ಆಟವನ್ನು ತೋರಿಸುವ ಚಿತ್ರವನ್ನಷ್ಟೇ ಆರಿಸುವುದು ಛಾಯಾಗ್ರಾಹಕರ ಕರ್ತವ್ಯ.

ಸಲಕರಣೆಯ ಮಾತು ಬಂದಾಗ, ಕುಸ್ತಿ ಮತ್ತು ಕಬಡ್ಡಿಗೆ 70ರಿಂದ 200 ಮಿ.ಮೀ. ಮಸೂರ ಸಾಕಾಗುತ್ತದೆ. ಕ್ರಿಕೆಟ್‌ಗೆ 400 ಮಿ.ಮೀ. ಅಥವಾ ಅದಕ್ಕೂ ಉದ್ದದ್ದು ಬೇಕು. ಹೆಚ್ಚು ಬೆಳಕು ಒಳಬಿಡುವ ಅಂತಹ ಮಸೂರಗಳ ಬೆಲೆ ಲಕ್ಷಗಳಲ್ಲಿದೆ. ಆದ್ದರಿಂದ ಪಾಸ್ ಖಚಿತವಾಗುವ ಮೊದಲು ಸಾಲ ಮಾಡಿ ಕೊಳ್ಳುವುದಕ್ಕಿಂತ ದಿನದ ಬಾಡಿಗೆಗೆ ತರುವುದು ಜಾಣತನ.

ಸಹಿ ಮಾಡುವ ಮುನ್ನ

ಪಾಸ್ ಜೊತೆ ಷರತ್ತುಗಳ ಹಾಳೆಯೂ ಬರುತ್ತದೆ. ಅದನ್ನು ಓದದೆ ಸಹಿ ಮಾಡುವವರೇ ಹೆಚ್ಚು. ಆ ಹಾಳೆಯಲ್ಲಿ ಏನಿರಬಹುದು ಎಂಬುದಕ್ಕೆ ಐಪಿಎಲ್‌ನ ಮೊದಲ ವರ್ಷವೇ ಸಾಕ್ಷಿ. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ ನಡೆಯುವುದಕ್ಕೆ ಮುನ್ನ, ಮಾಧ್ಯಮಗಳಿಗೆ ಕಳುಹಿಸಿದ ಷರತ್ತುಗಳಲ್ಲಿ ಪತ್ರಿಕೆಗಳು ತೆಗೆದ ಚಿತ್ರಗಳನ್ನು ಐಪಿಎಲ್‌ನ ಅಧಿಕೃತ ತಾಣಕ್ಕೂ ಒಪ್ಪಿಸಬೇಕೆಂಬ ಬೇಡಿಕೆಯಿತ್ತು. ಪತ್ರಿಕೆಗಳು ಬಹಿಷ್ಕಾರದ ಎಚ್ಚರಿಕೆ ನೀಡಿದವು. ಏಪ್ರಿಲ್ 15ರಂದು ಷರತ್ತುಗಳನ್ನು ಸಡಿಲಿಸಲಾಯಿತು, ಭಾರತೀಯ ವೃತ್ತಪತ್ರಿಕೆಗಳ ಸಂಘ ಅದನ್ನು ಒಪ್ಪಿಕೊಂಡಿತು.

ನಾಲ್ಕು ವರ್ಷಗಳ ನಂತರ ಇನ್ನೊಂದು ಜಗಳ ಇಷ್ಟು ಬೇಗ ಬಗೆಹರಿಯಲಿಲ್ಲ. 2012ರ ನವೆಂಬರ್‌ನಲ್ಲಿ ಇಂಗ್ಲೆಂಡ್ ತಂಡ ಭಾರತ ಪ್ರವಾಸಕ್ಕೆ ಬಂದಾಗ, ಚಿತ್ರಗಳನ್ನು ಮಾರುವ ಗೆಟ್ಟಿ ಇಮೇಜಸ್‌ನಂತಹ ಏಜೆನ್ಸಿಗಳಿಗೆ ಕ್ರಿಕೆಟ್ ಮಂಡಳಿ ಪ್ರವೇಶ ನಿರಾಕರಿಸಿತು. ಇದನ್ನು ಪ್ರತಿಭಟಿಸಿ ರಾಯಿಟರ್ಸ್, ಎಎಫ್‌ಪಿ, ಎಪಿ ಸುದ್ದಿಸಂಸ್ಥೆಗಳು ಅಹಮದಾಬಾದ್ ಟೆಸ್ಟ್‌ನ ಚಿತ್ರಗಳನ್ನು ಕಳುಹಿಸಲಿಲ್ಲ. ಬ್ರಿಟನ್ನಿನ ಪತ್ರಿಕೆಗಳು ಹಳೆಯ ಚಿತ್ರ, ರೇಖಾಚಿತ್ರಗಳಿಂದ ಕೆಲಸ ಸಾಗಿಸಿದವು. ಆ ಪಂದ್ಯದಲ್ಲಿ ಅಲಾಸ್ಟೇರ್ ಕುಕ್ ಗಳಿಸಿದ 176 ರನ್‌ಗಳನ್ನು ಅವರ ದೇಶದ ಓದುಗರು ಅಂದಿನ ಚಿತ್ರಗಳೊಂದಿಗೆ ನೋಡಲಾಗಲಿಲ್ಲ. ಪಾಸ್ ಎಂಬುದು ಗೇಟಿನ ವಿಷಯ ಮಾತ್ರವಲ್ಲ, ಇತಿಹಾಸದ ದಾಖಲೆ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯೂ ಹೌದು ಎಂಬುದು ಈ ಎರಡು ಪ್ರಸಂಗಗಳಿಂದ ಸ್ಪಷ್ಟವಾಗುತ್ತದೆ.

ಕೃತಿಸ್ವಾಮ್ಯದ ವಿಷಯದಲ್ಲಿ ಭಾರತದ 1957ರ ಕಾಯ್ದೆ ಛಾಯಾಗ್ರಾಹಕರನ್ನು ಕೈಬಿಟ್ಟಿಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಯ ನೌಕರಿಯಲ್ಲಿದ್ದು ತೆಗೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಉಳಿದ ಹಕ್ಕುಗಳು ತೆಗೆದವರವು. ಹಣ ಕೊಟ್ಟು ತೆಗೆಸಿದವರಿದ್ದರೆ ಮೊದಲ ಹಕ್ಕು ಅವರದಾಗುತ್ತದೆ. ಯಾರ ನೌಕರಿಯಲ್ಲೂ ಇಲ್ಲದೆ, ಯಾರೂ ಹಣ ಕೊಟ್ಟು ತೆಗೆಸದೆ ತೆಗೆದ ಚಿತ್ರದ ಒಡೆತನ ಛಾಯಾಗ್ರಾಹಕರದೇ. 2012ರ ತಿದ್ದುಪಡಿಯ ನಂತರ ಈ ಹಕ್ಕು ಅವರ ಜೀವಿತಾವಧಿಗೂ ಆನಂತರದ 60 ವರ್ಷಗಳಿಗೂ ವಿಸ್ತರಿಸಿದೆ. ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ ಬರವಣಿಗೆಯ ಒಪ್ಪಂದ ಕಡ್ಡಾಯ. ಪಾಸ್ ಜೊತೆಗಿನ ಹಾಳೆಯ ಮೇಲಿನ ಸಹಿಯೇ ಅಂತಹ ಬರವಣಿಗೆಯಾಗಿಬಿಡುವ ಸಾಧ್ಯತೆ ಇರುವುದರಿಂದಲೇ ಅದನ್ನು ಓದಬೇಕಾಗಿರುವುದು. ಚಿತ್ರಗಳನ್ನು ಸುದ್ದಿಗೆ ಮಾತ್ರ ಬಳಸಬಹುದೇ, ಪ್ರದರ್ಶನ ಅಥವಾ ಪುಸ್ತಕಕ್ಕೂ ಬಳಸಬಹುದೇ, ಸಂಘಟಕರಿಗೆ ಪ್ರತಿ ಕೊಡಬೇಕೇ ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಹುಡುಕಿದರೆ ಸಾಕು.

ಪಾಸ್ ಇಲ್ಲದ ಕಡೆಯ ಸುದ್ದಿ

ಕ್ರೀಡೆಯ ದೊಡ್ಡ ಸುದ್ದಿ ಯಾವಾಗಲೂ ಗೆರೆಯ ಒಳಗೇ ಆಗುವುದಿಲ್ಲ. 2025ರ ಜೂನ್ 4ರಂದು ಬೆಂಗಳೂರು ತಂಡದ ಐಪಿಎಲ್ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ಕಾಲ್ತುಳಿತ ಉಂಟಾಗಿ 11 ಮಂದಿ ಪ್ರಾಣ ಕಳೆದುಕೊಂಡರು. ಆ ದಿನ ನಾಡು ನೋಡಬೇಕಾಗಿದ್ದ ಚಿತ್ರಗಳು ರಸ್ತೆಯಲ್ಲಿದ್ದವು, ಅಲ್ಲಿ ಯಾವ ಪಾಸ್‌ನ ಅಗತ್ಯವೂ ಇರಲಿಲ್ಲ. ಒಳಗಿನ ಜಾಗ ಗಿಟ್ಟಿಸುವುದೇ ಗುರಿಯಾದವರು ಹೊರಗೆ ನಿಂತವರ ಕಡೆಗೆ ಬೆನ್ನು ತಿರುಗಿಸುವ ಅಪಾಯವಿದೆ.

ಹಳ್ಳಿಯ ಆಟಗಳ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ. ನಗರದ ಪಂದ್ಯವೊಂದಕ್ಕೆ ಹತ್ತಾರು ಕ್ಯಾಮೆರಾಗಳಿರುತ್ತವೆ. ಅವುಗಳಲ್ಲಿ ಒಂದು ಇಲ್ಲದಿದ್ದರೂ ಆ ಶತಕದ ಚಿತ್ರ ಉಳಿಯುತ್ತದೆ. ಜಾತ್ರೆಯ ಕಣದಲ್ಲಿ ಬೆಳ್ಳಿ ಕಡೆ ಗೆದ್ದ ಪೈಲ್ವಾನರ ಚಿತ್ರವನ್ನು ಊರಿನವರು ತೆಗೆಯದಿದ್ದರೆ ಅದು ಎಲ್ಲಿಯೂ ಉಳಿಯುವುದಿಲ್ಲ. ಅವರ ಉಸ್ತಾದರು ಯಾರು, ಯಾವ ಪಟ್ಟಿನಿಂದ ಗೆದ್ದರು, ಆ ವರ್ಷ ಎಷ್ಟು ಜೋಡಿಗಳಿದ್ದವು ಎಂಬುದನ್ನು ಬರೆದಿಡುವವರೂ ಊರಿನವರೇ ಆಗಬೇಕು. ಒಂದು ಕಾಲಕ್ಕೆ ಗರಡಿ ಮನೆಗಳ ಗೋಡೆಗಳ ಮೇಲೆ ಚೌಕಟ್ಟಿನಲ್ಲಿ ತೂಗುತ್ತಿದ್ದ ಕಪ್ಪು-ಬಿಳುಪು ಚಿತ್ರಗಳಲ್ಲಿ ಎಷ್ಟೋ ಪೈಲ್ವಾನರ ಹೆಸರು ಇಂದು ಹೇಳುವವರಿಲ್ಲ. ಚಿತ್ರವಿದ್ದೂ ಅಡಿಬರಹವಿಲ್ಲದ ದುಃಸ್ಥಿತಿ ಅದು.

ಹುಬ್ಬಳ್ಳಿಯ ಗೇಟಿನಲ್ಲಿ ‘ಯಾವ ಪತ್ರಿಕೆ?’ ಎಂಬ ಪ್ರಶ್ನೆಗೆ ಉತ್ತರ ಸಂಪಾದಿಸುವುದು ಛಾಯಾಗ್ರಾಹಕರ ವೃತ್ತಿಗೆ ಅವಶ್ಯ. ಅದಕ್ಕೆ ನೇಮಕ ಪತ್ರ, ಗಡುವು, ಸರಿಯಾದ ಕಾಗುಣಿತ, ಶಿಸ್ತು ಬೇಕು. ಮುಗದದಂತಹ ಊರಿನ ಕಣದಲ್ಲಿ ಆ ಪ್ರಶ್ನೆ ಕೇಳುವವರಿಲ್ಲ. ಅಲ್ಲಿ ಪೈಲ್ವಾನರು ಕೇಳುವುದು ಒಂದೇ: ‘ಫೋಟೋ ಯಾವಾಗ ಕೊಡ್ತೀರಿ?’ ಆ ಮಾತು ಉಳಿಸಿಕೊಂಡು, ಹೆಸರು ಬರೆದು, ಮುಂದಿನ ಜಾತ್ರೆಯೊಳಗೆ ಚಿತ್ರವನ್ನು ಅವರ ಕೈಗಿಟ್ಟವರಿಗೆ ಯಾವ ಕಮಿಟಿಯವರೂ ಕಣದ ಅಂಚಿನಲ್ಲಿ ಜಾಗ ಇಲ್ಲವೆನ್ನಲಾರರು.